ನೀಲಿಯೋ ನೇರಳೆಯೋ

ನಾನು ಓದಿದ ಕಾಲೇಜಿನಲ್ಲಿ ತಕ್ಕಡಿಯ ಗಾಜಿನ ಪೆಟ್ಟಿಗೆಯೊಳಗೆ ನೀಲಿ ಹರಳುಗಳ ಬಟ್ಟಲೊಂದಿರುತ್ತಿತ್ತು. ಮಳೆಗಾಲದಲ್ಲಿ ಅವು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಟೆಂಡರು ಕಾಯಿಸಿ ಮತ್ತೆ ನೀಲಿ ಮಾಡಿಡುತ್ತಿದ್ದರು. ಸಿಲಿಕಾ ಜೆಲ್‌ನಲ್ಲಿದ್ದ ಕೋಬಾಲ್ಟ್ ಕ್ಲೋರೈಡು ತೇವವನ್ನು ಸಾರುವ ಬಗೆ ಅದು. ಬಣ್ಣ ಬದಲಾಯಿತೆಂದರೆ ಏನೋ ಸೇರಿದೆ, ಇಲ್ಲವೆ ಏನೋ ಬಿಟ್ಟುಹೋಗಿದೆ ಎಂದೇ ನಾನು ಬಹುಕಾಲ ನಂಬಿದ್ದೆ.

ಕೋಬಾಲ್ಟ್, ನಿಕ್ಕಲ್, ತಾಮ್ರಗಳಂಥ ಸಂಕ್ರಮಣ ಲೋಹಗಳ ಕ್ಲೋರೈಡುಗಳು ನೀರು, ಅಮೋನಿಯ, ಪಿರಿಡೀನ್ ಮುಂತಾದ ಅಣುಗಳನ್ನು ಒಡೆಯದೆ, ಇದ್ದ ಹಾಗೆಯೇ ಜೊತೆಗೂಡಿಸಿಕೊಳ್ಳುತ್ತವೆ. ಇವೇ ಸಂಕಲನ ಸಂಯುಕ್ತಗಳು. ಎಂ.ಎಸ್‌ಸಿ. ಓದುವಾಗ ನಾನೂ ಒಂದನ್ನು ಮಾಡಿದೆ. ಮದ್ಯಸಾರದಲ್ಲಿ ಕೋಬಾಲ್ಟ್ ಕ್ಲೋರೈಡನ್ನು ಕರಗಿಸಿ ಪಿರಿಡೀನ್ ಬೆರೆಸಿದೆ. ಅದರ ದುರ್ವಾಸನೆ ಒಗೆದರೂ ಅಂಗಿಯನ್ನು ಬಿಡದು! ಸೊಗಸಾದ ನೇರಳೆ ಪುಡಿ ದೊರೆಯಿತು. ಬೇಗ ಒಣಗಲೆಂದು ಓವನ್ನಿನಲ್ಲಿಟ್ಟೆ. ಉಷ್ಣತೆ 120 ಡಿಗ್ರಿ ದಾಟಿದ್ದು ಗಮನಕ್ಕೆ ಬರಲಿಲ್ಲ. ತೆಗೆದು ನೋಡಿದರೆ ಅಚ್ಚ ನೀಲಿ. ಪಿರಿಡೀನ್ ಹಾರಿಹೋಗಿ ವಸ್ತು ಕೆಟ್ಟಿತೆಂದು ಬಗೆದು ತೊಟ್ಟಿಗೆ ಸುರಿದೆ. ತೂಗಿ ನೋಡಲಿಲ್ಲ. ತೂಗಿದ್ದರೆ ಏನೂ ಹಾರಿಹೋಗಿಲ್ಲವೆಂಬುದು ತಿಳಿಯುತ್ತಿತ್ತು.

ನೇರಳೆ ಹರಳಿನ ಒಳರಚನೆಯನ್ನು ಜ್ಯಾಕ್ ಡ್ಯೂನಿಟ್ಸ್ ಎಂಬ ವಿಜ್ಞಾನಿ ಕ್ಷ-ಕಿರಣಗಳ ನೆರವಿನಿಂದ ಬಿಡಿಸಿ 1957ರಲ್ಲೇ ಪ್ರಕಟಿಸಿದ್ದರು. ನಾನು ಓದಿರಲಿಲ್ಲ, ಅಷ್ಟೆ. ಅದರಲ್ಲಿ ಒಂದೊಂದು ಕೋಬಾಲ್ಟಿಗೂ ಆರು ನೆರೆಯವರು: ನಾಲ್ಕು ಕ್ಲೋರಿನ್, ಎರಡು ಪಿರಿಡೀನ್. ಪ್ರತಿಯೊಂದು ಕ್ಲೋರಿನ್ನೂ ಎರಡು ಕೋಬಾಲ್ಟುಗಳ ನಡುವೆ ಹಂಚಿಕೆಯಾಗಿರುವುದರಿಂದ ಸರಪಳಿಯೇ ಏರ್ಪಟ್ಟಿರುತ್ತದೆ. ಕಾಯಿಸಿದಾಗ ಸರಪಳಿ ಕಡಿದು ಬಿಡಿ ಅಣುಗಳಾಗುತ್ತವೆ. ಆಗ ಕೋಬಾಲ್ಟಿಗೆ ಎರಡು ಕ್ಲೋರಿನ್, ಎರಡು ಪಿರಿಡೀನ್, ನಾಲ್ಕೇ ನೆರೆಯವರು. ಸೂತ್ರದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಬಣ್ಣ ಮಾತ್ರ ನೀಲಿಯಾಗುತ್ತದೆ.

ಸೂತ್ರವನ್ನು ನಂಬಿ ಮೋಸಹೋಗಲು ಪಿರಿಡೀನೇ ಬೇಕೆಂದಿಲ್ಲ. ಅಂಗಡಿಯಲ್ಲಿ ದೊರೆಯುವ ಕೆಂಪು ಕೋಬಾಲ್ಟ್ ಕ್ಲೋರೈಡಿನ ಸೀಸೆಯ ಮೇಲೆ ಆರು ನೀರಿನ ಅಣುಗಳನ್ನು ನಮೂದಿಸಿರುತ್ತಾರೆ. ಆರೂ ಲೋಹವನ್ನು ಸುತ್ತುವರಿದಿವೆ ಎಂದುಕೊಳ್ಳುವುದು ಸಹಜ. ಹರಳಿನೊಳಗೆ ಲೋಹಕ್ಕೆ ಅಂಟಿಕೊಂಡಿರುವುದು ನಾಲ್ಕು ನೀರು, ಎರಡು ಕ್ಲೋರಿನ್. ಉಳಿದೆರಡು ನೀರಿನ ಅಣುಗಳು ನಡುವಣ ತೆರಪಿನಲ್ಲಿ ಇರುತ್ತವೆ.

ನಾನು ಎಸೆದ ನೀಲಿ ಪುಡಿ ಸಾಮಾನ್ಯ ಉಷ್ಣತೆಯಲ್ಲಿ ಸ್ಥಿರವಾದುದಲ್ಲ. ಮೆಲ್ಲಮೆಲ್ಲನೆ ನೇರಳೆಗೆ ಮರಳುತ್ತದೆ. ಮೇಜಿನ ಮೇಲೆಯೇ ಬಿಟ್ಟಿದ್ದರೆ ನನಗೆ ಉತ್ತರ ಸಿಗುತ್ತಿತ್ತು.

ಅಧ್ಯಾಪಕನಾದ ಮೇಲೆ ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಅದೇ ನೀಲಿ ಪುಡಿಯನ್ನು ಹಿಡಿದು, "ಕೆಟ್ಟುಹೋಯಿತು ಸಾರ್" ಎಂದು ಕಣ್ಣು ತುಂಬಿಕೊಂಡು ಬಂದಳು. ನಾನು ಮಾತನಾಡದೆ ತಕ್ಕಡಿಯ ಬಾಗಿಲು ತೆರೆದುಕೊಟ್ಟೆ.