ಲಾಭದ ಲೆಕ್ಕ, ಹಳ್ಳಿಯ ಲೆಕ್ಕ

(ಇಂಗಳೇಶ್ವರದಲ್ಲಿ ರೈತರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಇಂಗಳೇಶ್ವರವು ಬಸವಣ್ಣನವರ ಹೆಸರಿನೊಡನೆ ಬೆಸೆದುಕೊಂಡಿರುವ ಊರು. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಬಂದದ್ದೆಷ್ಟು, ಹೋದದ್ದೆಷ್ಟು, ಯಾರ ಪಾಲಾಯಿತು ಎಂಬ ಲೆಕ್ಕವನ್ನು ಬಲ್ಲವರು. ಅವರ ನೆಲದಲ್ಲಿ ಲೆಕ್ಕಪತ್ರದ ಮಾತು ಅಪ್ರಸ್ತುತವಾಗಲಾರದು. ಇಂದಿನ ವಿಷಯ, ಹಿಂದೂಸ್ತಾನ್ ಯೂನಿಲಿವರ್ ಕಂಪನಿಯ ವಾರ್ಷಿಕ ಹಣಕಾಸು ಫಲಿತಾಂಶ.

ಸಾಬೂನಿನ ಕಂಪನಿಯ ಲಾಭನಷ್ಟ ಹಳ್ಳಿಗರಿಗೇಕೆ ಎಂಬ ಪ್ರಶ್ನೆ ಸಹಜವೇ. ಈ ಸೀಮೆಯ ಎರೆಮಣ್ಣಿಗೂ ಮಲೆನಾಡಿನ ಕೆಂಪುಮಣ್ಣಿಗೂ ಸಾಮ್ಯವಿಲ್ಲ. ಮಳೆ ಬೇರೆ, ಬೆಳೆ ಬೇರೆ. ಆದರೆ ಎರಡೂ ಕಡೆಯ ಕಿರಾಣಿ ಅಂಗಡಿಯ ಬಾಗಿಲಲ್ಲಿ ತೂಗುವ ಶಾಂಪೂ ಪೊಟ್ಟಣಗಳ ಸರ ಒಂದೇ. ಲೈಫ್‌ಬಾಯ್, ರಿನ್, ವಿಮ್, ಕ್ಲಿನಿಕ್ ಪ್ಲಸ್, ಬ್ರೂಕ್ ಬಾಂಡ್ ಚಹಾ, ಇವೆಲ್ಲವೂ ಒಂದೇ ಮನೆಯ ಸರಕುಗಳು. 1956ರಲ್ಲಿ ಹಿಂದೂಸ್ತಾನ್ ಲಿವರ್ ಎಂದು ರೂಪುಗೊಂಡು, 2007ರಲ್ಲಿ ಇಂದಿನ ಹೆಸರು ಪಡೆದ ಈ ಕಂಪನಿಯ ಶೇ. 61.9ರಷ್ಟು ಪಾಲು ಬ್ರಿಟನ್ನಿನ ಯೂನಿಲಿವರ್ ಸಮೂಹದ್ದು.

ವಾರ್ಷಿಕ ಫಲಿತಾಂಶದಲ್ಲಿ ಮೊದಲು ಕಣ್ಣಿಗೆ ಬೀಳುವುದು ಮಾರಾಟದ ಮೊತ್ತ. 2021-22ರಲ್ಲಿ ಅದು 50,336 ಕೋಟಿ ರೂಪಾಯಿ. 2022-23ರಲ್ಲಿ 58,154 ಕೋಟಿ. ಒಂದೇ ವರ್ಷದಲ್ಲಿ ಸುಮಾರು ಶೇ. 16ರ ಏರಿಕೆ. ಪತ್ರಿಕೆಗಳ ತಲೆಬರಹ ಇಲ್ಲಿಗೆ ನಿಲ್ಲುತ್ತದೆ. ಓದುಗನು ಇನ್ನೊಂದು ಸಾಲು ಕೆಳಗಿಳಿಯಬೇಕು. ಆ ವರ್ಷ ಮಾರಾಟವಾದ ಸರಕಿನ ಪ್ರಮಾಣ ಹೆಚ್ಚಿದ್ದು ಶೇ. 5ರಷ್ಟು ಮಾತ್ರ. ಮಿಕ್ಕ ಏರಿಕೆಯ ಬಹುಪಾಲು ದರದ್ದು. ಅಂದರೆ ಜನ ಕೊಂಡದ್ದು ತುಸು ಹೆಚ್ಚು, ತೆತ್ತದ್ದು ಬಹಳ ಹೆಚ್ಚು. ದರವೇರಿಕೆಗೆ ಇನ್ನೊಂದು ವೇಷವೂ ಇದೆ. 2022ರಲ್ಲಿ ಹತ್ತು ರೂಪಾಯಿಯ ವಿಮ್ ಬಾರ್ 155 ಗ್ರಾಂನಿಂದ 135 ಗ್ರಾಂಗೆ ಇಳಿಯಿತು. ಬೆಲೆ ಹತ್ತೇ ರೂಪಾಯಿ ಉಳಿಯಿತು.

ಇದಕ್ಕೆ ಕಾರಣವಿಲ್ಲದಿರಲಿಲ್ಲ. ಸಾಬೂನಿನ ಮುಖ್ಯ ಕಚ್ಚಾವಸ್ತು ತಾಳೆಎಣ್ಣೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಅದರ ರಫ್ತನ್ನು ಕೆಲವು ವಾರಗಳ ಕಾಲ ನಿಷೇಧಿಸಿದಾಗ ಬೆಲೆ ಮುಗಿಲಿಗೇರಿತ್ತು. ಮುಂದೆ ಎಣ್ಣೆಯ ಬೆಲೆ ಇಳಿದಾಗ ಕಂಪನಿಯು ಕೆಲವು ಸಾಬೂನುಗಳ ದರವನ್ನು ಇಳಿಸಿದ್ದೂ ನಿಜ. ಆದರೆ ರೈತನು ಗಮನಿಸಬೇಕಾದ ಅಂಶ ಬೇರೆಯೇ ಇದೆ. ಕಚ್ಚಾವಸ್ತು ತುಟ್ಟಿಯಾದಾಗ ಕಂಪನಿಯು ಆ ಭಾರವನ್ನು ಕೊಳ್ಳುವವನ ಹೆಗಲಿಗೆ ದಾಟಿಸಬಲ್ಲದು. ಗೊಬ್ಬರ, ಡೀಸೆಲ್, ಕೂಲಿ ತುಟ್ಟಿಯಾದಾಗ ತೊಗರಿ ಬೆಳೆದವನಾಗಲಿ ಅಡಿಕೆ ಬೆಳೆದವನಾಗಲಿ ಹಾಗೆ ದಾಟಿಸಲಾರನು. ಅವನು ಮಾರುವಾಗಲೂ ಕೊಳ್ಳುವಾಗಲೂ ಬೇರೆಯವರು ಹೇಳಿದ ಬೆಲೆಗೇ ತಲೆಬಾಗುತ್ತಾನೆ. ಆ ವರ್ಷ ಕಂಪನಿಯ ನಿವ್ವಳ ಲಾಭ 8,818 ಕೋಟಿಯಿಂದ 9,962 ಕೋಟಿಗೆ ಏರಿತು.

ಲಾಭ ಗಳಿಸುವುದು ಅಪರಾಧವಲ್ಲ. ಕಂಪನಿಯು ತೆರಿಗೆ ಕಟ್ಟುತ್ತದೆ, ಉದ್ಯೋಗ ಕೊಡುತ್ತದೆ, ಲೆಕ್ಕವನ್ನು ಬಹಿರಂಗಪಡಿಸುತ್ತದೆ. ಕೇಳಬೇಕಾದ ಮುಂದಿನ ಪ್ರಶ್ನೆ, ಲಾಭ ಎಲ್ಲಿಗೆ ಹರಿಯಿತು ಎಂಬುದು. 2024-25ರಲ್ಲಿ ಮಾರಾಟ 60,680 ಕೋಟಿ, ನಿವ್ವಳ ಲಾಭ 10,644 ಕೋಟಿ. ಆ ವರ್ಷಕ್ಕೆ ಷೇರೊಂದಕ್ಕೆ ಘೋಷಿತವಾದ ಲಾಭಾಂಶ, ಹತ್ತು ರೂಪಾಯಿಯ ವಿಶೇಷ ಲಾಭಾಂಶವೂ ಸೇರಿ, 53 ರೂಪಾಯಿ. ಸುಮಾರು 235 ಕೋಟಿ ಷೇರುಗಳಿಗೆ ಗುಣಿಸಿದರೆ 12,450 ಕೋಟಿಗೂ ಹೆಚ್ಚು. ಅಂದರೆ ವರ್ಷದ ಲಾಭವಷ್ಟೂ, ಅದರ ಮೇಲೆ ಹಿಂದಿನ ಉಳಿತಾಯದ ಒಂದು ಭಾಗವೂ ಷೇರುದಾರರ ಪಾಲಾಯಿತು. ಅದರಲ್ಲಿ ನೂರಕ್ಕೆ ಅರವತ್ತೆರಡರಷ್ಟು ಮೂಲ ಕಂಪನಿಗೆ ಸಲ್ಲುವಂಥದ್ದು. ಇದಲ್ಲದೆ, ಮೂಲ ಕಂಪನಿಗೆ ಕೊಡುವ ರಾಯಧನ ಹಾಗೂ ಸೇವಾಶುಲ್ಕವನ್ನು ವಹಿವಾಟಿನ ಶೇ. 2.65ರಿಂದ ಶೇ. 3.45ಕ್ಕೆ ಮೂರು ವರ್ಷಗಳಲ್ಲಿ ಹಂತಹಂತವಾಗಿ ಏರಿಸುವುದೆಂದು 2023ರ ಜನವರಿಯಲ್ಲಿ ಪ್ರಕಟಿಸಲಾಯಿತು. ಇದು ಲಾಭದ ಮೇಲಿನದಲ್ಲ, ಮಾರಾಟದ ಮೇಲಿನದು.

ಇನ್ನು ಲೆಕ್ಕಪುಸ್ತಕದ ಅಂಕಿಯಲ್ಲಿ ಕಾಣದ ಖರ್ಚುಗಳು. ಕೊಡೈಕೆನಾಲಿನ ಬೆಟ್ಟದ ಮೇಲಿದ್ದ ಈ ಕಂಪನಿಯ ಥರ್ಮಾಮೀಟರ್ ಕಾರ್ಖಾನೆಯಿಂದ ಪಾದರಸ ಅಂಟಿದ ಗಾಜು ಗುಜರಿಗೆ ಹೋದದ್ದು ಬೆಳಕಿಗೆ ಬಂದು, 2001ರಲ್ಲಿ ಕಾರ್ಖಾನೆ ಮುಚ್ಚಿತು. 591 ಮಂದಿ ಮಾಜಿ ಕಾರ್ಮಿಕರ ವಿಷಯದಲ್ಲಿ ಒಪ್ಪಂದವಾದದ್ದು 2016ರಲ್ಲಿ. ನಡುವಣ ಹದಿನೈದು ವರ್ಷಗಳ ಬೆಲೆಯನ್ನು ತೆತ್ತವರು ಕಾರ್ಮಿಕರು, ಅವರ ಮನೆಯವರು ಮತ್ತು ಆ ಬೆಟ್ಟ. ಹಳ್ಳಿಯ ಚರಂಡಿಯಲ್ಲಿ ಸಿಕ್ಕಿಕೊಳ್ಳುವ ಖಾಲಿ ಪೊಟ್ಟಣದ ಕಥೆಯೂ ಇದೇ. ಹಲವು ಪದರಗಳ ಆ ಪ್ಲಾಸ್ಟಿಕ್ಕನ್ನು ಗುಜರಿಯವನೂ ಕೊಳ್ಳುವುದಿಲ್ಲ. ತಾನು ಬಳಸುವುದಕ್ಕಿಂತ ಹೆಚ್ಚು ಪ್ಲಾಸ್ಟಿಕ್ಕನ್ನು ದೇಶದಲ್ಲಿ ಸಂಗ್ರಹಿಸುತ್ತಿರುವುದಾಗಿ ಕಂಪನಿ ಹೇಳಿಕೊಂಡಿದೆ. ದೇಶದ ಮೊತ್ತ ಸರಿಹೊಂದಿದರೂ ಈ ಊರಿನ ಚರಂಡಿ ತಾನಾಗಿ ಖಾಲಿಯಾಗದು.

ಹಾಗಾದರೆ ಮಾಡಬೇಕಾದದ್ದೇನು? ಕೊಳ್ಳುವುದನ್ನೇ ಬಿಡಿ ಎಂಬ ಉಪದೇಶ ಸಲ್ಲದು. ಸಾಬೂನು ಆರೋಗ್ಯಕ್ಕೆ ಬೇಕಾದ ವಸ್ತು. ವಿದ್ಯಾರ್ಥಿಗಳು ತಮ್ಮ ಓಣಿಯ ಹತ್ತು ಮನೆಗಳಲ್ಲಿ ಒಂದು ವರ್ಷ ಲೆಕ್ಕ ಬರೆಯಲಿ. ಸಾಬೂನು, ಶಾಂಪೂ, ಚಹಾಪುಡಿಗೆ ಹೋದ ಹಣವೆಷ್ಟು, ಪ್ರತಿ ಪೊಟ್ಟಣದ ತೂಕವೆಷ್ಟು, ಖಾಲಿ ಪೊಟ್ಟಣಗಳೆಷ್ಟು ಎಂಬ ಮೂರು ಕಲಮುಗಳು ಸಾಕು. ನಾಲ್ಕನೆಯದರಲ್ಲಿ ಊರಿನಲ್ಲೇ ಸಿಗಬಹುದಾದುದನ್ನು ಬರೆಯಲಿ. ಮಲೆನಾಡಿನ ಸೀಗೆ, ಅಂಟುವಾಳಗಳಲ್ಲಿ ನೊರೆ ಕೊಡುವ ಸ್ಯಾಪೋನಿನ್ ಸಹಜವಾಗಿಯೇ ಇದೆ. ಈ ಎರೆಭೂಮಿಗೆ ಒಗ್ಗಿದ ಕುಸುಬೆಯಲ್ಲಿ ಎಣ್ಣೆಯಿದೆ. ಮಹಿಳಾ ಸ್ವಸಹಾಯ ಗುಂಪುಗಳಿಗೆ ಇಲ್ಲಿ ಕೆಲಸವಿದೆ.

ವರ್ಷಾಂತ್ಯದಲ್ಲಿ ಕಂಪನಿಯ ಫಲಿತಾಂಶ ಪತ್ರಿಕೆಯಲ್ಲಿ ಬಂದ ದಿನ, ಈ ಲೆಕ್ಕವನ್ನು ಗ್ರಾಮಸಭೆಯ ಮುಂದಿಟ್ಟು ಎರಡನ್ನೂ ಒಟ್ಟಿಗೆ ಓದಬೇಕು. ಎಲ್ಲಿ ಉಳಿಸಬಹುದು, ಯಾವುದನ್ನು ಇಲ್ಲಿಯೇ ತಯಾರಿಸಬಹುದು ಎಂಬ ನಿರ್ಧಾರ ಆ ಸಭೆಯಲ್ಲಿ ಆಗಲಿ.