ಜಪಾನಿ ಕಲಿಯೋಕೆ ಕನ್ನಡವೇ ಬಂಡವಾಳ

ಜಯನಗರದಲ್ಲಿ ಹೈಸ್ಕೂಲ್ ಮಕ್ಕಳಿಗೆ ನಾನು ಜಪಾನಿ ಹೇಳಿಕೊಡ್ತೀನಿ. ಬನಶಂಕರಿಯಿಂದ ಬರೋ ಒಂಬತ್ತನೇ ಕ್ಲಾಸಿನ ಹುಡುಗ ಮೊದಲ ದಿನವೇ, ‘ಮಿಸ್, ನಂದು ಕನ್ನಡ ಮೀಡಿಯಂ. ಇಂಗ್ಲಿಷೇ ಸರಿಯಾಗಿ ಬರಲ್ಲ, ಇದು ಬರುತ್ತಾ?’ ಅಂದ.

ಬೋರ್ಡ್ ಮೇಲೆ ‘ಮಿಜು ಓ ನೊಮು’ ಅಂತ ಬರೆದೆ. ಮಿಜು ಅಂದ್ರೆ ನೀರು, ಓ ಅಂದ್ರೆ ನಮ್ಮ ‘ಅನ್ನು’, ನೊಮು ಅಂದ್ರೆ ಕುಡಿಯೋದು. ‘ನೀರನ್ನು ಕುಡಿಯೋದು! ನಮ್ಮ ಥರಾನೇ ಇದೆಯಲ್ಲ ಮಿಸ್!’ ಹೌದು, ಎರಡರಲ್ಲೂ ಕ್ರಿಯಾಪದ ಕೊನೆಗೇ.

ಹಾಗಂತ ಸಲೀಸಲ್ಲ, ಪೋಷಕರೇ. ಜೆಎಲ್‌ಪಿಟಿ ಪರೀಕ್ಷೆಗೆ ಎನ್5ರಿಂದ ಎನ್1ರವರೆಗೆ 5 ಹಂತ. ಎನ್5 ಬರೀ ಹೊಸ್ತಿಲು. ಕೆಲಸಕ್ಕೆ ಸಾಮಾನ್ಯವಾಗಿ ಕೇಳೋದು ಎನ್3, ಎನ್2. ಕಾಂಜಿ ಅಕ್ಷರಗಳಿಗೇ ವರ್ಷಗಳು ಬೇಕು. ಅದಕ್ಕೇ ಹೈಸ್ಕೂಲಲ್ಲೇ ಶುರು ಮಾಡಿಸಿ, ಕನ್ನಡ ಬಿಡಿಸಬೇಡಿ.

ಆ ಹುಡುಗ ಈ ಡಿಸೆಂಬರ್‌ನಲ್ಲಿ ಎನ್5 ಬರೀತಾನೆ.