ಚಿತ್ರದುರ್ಗ ಸೀಮೆಯ ಗಿರಿಯಾತ್ರೆ

(ಬಾಗೂರಿನಲ್ಲಿ ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಮ್ಮ ಬೆಟ್ಟಸೀಮೆಯ ಪ್ರೇಕ್ಷಣೀಯ ಸ್ಥಳಗಳ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ನಾನು ಇತಿಹಾಸಜ್ಞನಲ್ಲ, ಕವಿಯೂ ಅಲ್ಲ. ದಸ್ತಾವೇಜು, ಸಾಕ್ಷಿ, ರುಜುವಾತು ಇವುಗಳ ನಡುವೆ ದಿನ ಕಳೆಯುವ ಒಬ್ಬ ವಕೀಲ. ಆದುದರಿಂದ ಬೆಟ್ಟವನ್ನು ಕಂಡರೂ ನನಗೆ ಮೊದಲು ತೋರುವುದು ಅದರ ಚೆಲುವಲ್ಲ; ಅದು ಯಾವ ಸಂಗತಿಗೆ ಸಾಕ್ಷಿ ನುಡಿಯುತ್ತದೆಂಬ ಪ್ರಶ್ನೆಯೇ. ಈ ವೃತ್ತಿದೋಷವನ್ನು ತಾವು ಮನ್ನಿಸಬೇಕು.

ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದರು. ಸುತ್ತುವುದನ್ನು ನಾವು ಬಿಟ್ಟಿಲ್ಲ. ವರುಷಕ್ಕೊಮ್ಮೆ ಮಕ್ಕಳನ್ನು ಗಾಡಿಯಲ್ಲಿ ತುಂಬಿಕೊಂಡು ಕಡಲ ತೀರಕ್ಕೆ ಹೋಗುವೆವು, ಅರಮನೆಯ ದೀಪಗಳನ್ನು ತೋರಿಸಿಕೊಂಡು ಬರುವೆವು. ಅದು ತಪ್ಪೆಂದು ನಾನು ಹೇಳೆನು. ದೂರದ ಬೆಟ್ಟ ನುಣ್ಣಗೆ ಕಾಣುವುದು ಸಹಜವೇ. ಆದರೆ ಹತ್ತಿರದ ಬೆಟ್ಟವನ್ನು ಕಣ್ಣೆತ್ತಿಯೂ ನೋಡದಿರುವುದು ನ್ಯಾಯವೇ? ಈ ಊರಿನ ಚನ್ನಕೇಶವನ ಗುಡಿಯ ಮುಂದೆ ದಿನವೂ ಹಾಯ್ದು ಹೋಗುವವರಲ್ಲಿ ಅದರ ಕಂಬಗಳನ್ನು ನಿಂತು ನೋಡಿದವರು ಎಷ್ಟು ಮಂದಿ? ಇದೇ ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ಅದನ್ನು ಕಂಡವರು ಈ ಸಭೆಯಲ್ಲಿ ಎಷ್ಟು ಮಂದಿ ಎಂದು ನಾನು ಕೈ ಎತ್ತಿಸುವುದಿಲ್ಲ. ನನ್ನ ಕೈಯೇ ಬಹುಕಾಲ ಕೆಳಗಿತ್ತು.

ಮೂರು ದಿನಗಳ ಬಿಡುವಿದ್ದರೆ ಸಾಕು, ಬಾಗೂರಿನಿಂದ ಹೊರಟು ಬಾಗೂರಿಗೇ ಬರುವಂತೆ ಒಂದು ಯಾತ್ರೆ ಮಾಡಬಹುದು. ಮಳೆ ನಿಂತು ಚಳಿ ಹಿಡಿಯುವ ಕಾಲ ಇದಕ್ಕೆ ಮೇಲು. ಬೇಸಗೆಯಲ್ಲಿ ನಮ್ಮ ಬಂಡೆಗಳು ಕಾದ ಹಂಚಿನಂತಾಗುವುವು. ಮೊದಲು ಹೊಳಲ್ಕೆರೆ. ಅಲ್ಲಿ ಗುಡಿಯ ಮಾಡಿಲ್ಲದೆ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಕುಳಿತ ಬಯಲು ಗಣಪತಿಗೆ ಕೈಮುಗಿದು ಮುಂದೆ ನಡೆದರೆ ದುರ್ಗದ ಬೆಟ್ಟಗಳು ಎದುರಾಗುವುವು.

ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಆದರೆ ಅದನ್ನು ನೋಡುವ ಬಗೆ ಬೇರೆ ಬೇರೆ. ಗೋಡೆಯ ಎತ್ತರವನ್ನು ನೋಡಿ ಬೆರಗಾಗುವವರು ಕೆಲವರು. ನಾನು ಮಕ್ಕಳಿಗೆ ಮೊದಲು ತೋರಿಸಬಯಸುವುದು ನೀರನ್ನು. ಮಳೆ ಅಪರೂಪವಾದ ನಾಡಿದು. ಬೆಟ್ಟದ ಮೇಲೆ ಬಿದ್ದ ಹನಿಯನ್ನು ಪೋಲಾಗಗೊಡದೆ ಗೋಪಾಲಸ್ವಾಮಿ ಹೊಂಡದಲ್ಲಿ ಹಿಡಿದರು. ಅದು ತುಂಬಿ ಹರಿದುದನ್ನು ಅಕ್ಕತಂಗಿಯರ ಹೊಂಡದಲ್ಲಿ ಹಿಡಿದರು. ಅಲ್ಲಿಂದ ಮಿಕ್ಕುದನ್ನು ಕೆಳಗಿನ ಊರಿನ ಹೊಂಡಗಳಿಗೆ ಇಳಿಸಿದರು. ಕೋಟೆಯನ್ನು ಕಾದುದು ಕಲ್ಲು ಮಾತ್ರವಲ್ಲ, ಈ ವಿವೇಕವೂ ಕಾದಿತು. ನಾಯಕರ ಆಳ್ವಿಕೆ ಮದಕರಿನಾಯಕನೊಡನೆ 1779ರಲ್ಲಿ ಹೈದರಾಲಿಗೆ ಸೋತು ಮುಗಿಯಿತು. ಹೊಂಡಗಳು ಮಾತ್ರ ಇಂದಿಗೂ ಮಳೆಯನ್ನು ಎದುರು ನೋಡುತ್ತಿವೆ.

ಅಲ್ಲಿಯೇ ಒನಕೆ ಕಿಂಡಿಯುಂಟು. ಹೈದರನ ಮುತ್ತಿಗೆಯ ಕಾಲದಲ್ಲಿ ಕಾವಲುಗಾರನ ಮಡದಿ ಓಬವ್ವೆ, ಆ ಕಿಂಡಿಯಲ್ಲಿ ನುಸುಳಿ ಬಂದ ಶತ್ರುಗಳನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಬಡಿದುರುಳಿಸಿದಳೆಂದು ನಾಡು ಹೇಳುತ್ತದೆ. ಇದು ಜನರ ನಾಲಗೆ ಕಾಪಾಡಿದ ಸಾಕ್ಷ್ಯ. ಬಾಯಿಮಾತಿನ ಸಾಕ್ಷ್ಯವೆಂದು ಅದನ್ನು ತಳ್ಳಿಬಿಡಲಾಗದು. ಅರಸರ ಹೆಸರನ್ನು ಬರೆಯುವವರಿದ್ದರು, ಕಾವಲುಗಾರನ ಹೆಂಡತಿಯ ಹೆಸರನ್ನು ಬರೆಯುವವರಾರು? ಆ ಹೆಸರನ್ನು ಇಷ್ಟು ಕಾಲ ಅಳಿಯಗೊಡದೆ ಕಾದವರು ನಮ್ಮ ಅಜ್ಜಿಯರು.

ಕೋಟೆಯ ಬೆಟ್ಟದ ಮಗ್ಗುಲಲ್ಲಿಯೇ ಚಂದ್ರವಳ್ಳಿ. ಬಂಡೆಗಳ ನಡುವೆ ಕೆರೆ, ಗುಹೆ, ಗುಡಿ. ಸಂಜೆಯ ಹೊತ್ತು ಅಲ್ಲಿ ಕುಳಿತವನಿಗೆ ಏಳಲು ಮನಸ್ಸು ಬಾರದು. ಆದರೆ ಆ ನೆಲದ ಒಡಲಲ್ಲಿ ಇನ್ನೂ ದೊಡ್ಡ ಬೆರಗು ಅಡಗಿತ್ತು. ಆರ್. ನರಸಿಂಹಾಚಾರ್ಯರು 1909ರಲ್ಲಿಯೂ, ಡಾಕ್ಟರ್ ಎಂ. ಎಚ್. ಕೃಷ್ಣ ಅವರು 1929ರಲ್ಲಿಯೂ, ಮಾರ್ಟಿಮರ್ ವೀಲರ್ ಎಂಬವರು 1947ರಲ್ಲಿಯೂ ಅಲ್ಲಿ ಅಗೆಸಿದರು. ಶಾತವಾಹನರ ಕಾಲದ ನಾಣ್ಯಗಳೊಡನೆ ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್ ಇವರ ಬೆಳ್ಳಿಯ ನಾಣ್ಯಗಳು ದೊರೆತವು. ಎರಡು ಸಾವಿರ ವರುಷಗಳ ಹಿಂದೆ ಕಡಲಾಚೆಯ ಹಣ ನಮ್ಮ ದುರ್ಗದ ಕಣಿವೆಯಲ್ಲಿ ಕೈ ಬದಲಾಯಿಸುತ್ತಿದ್ದಿತೆಂದ ಮೇಲೆ ನಮ್ಮ ಸೀಮೆಯನ್ನು ಮೂಲೆಯ ಸೀಮೆಯೆನ್ನುವುದು ಹೇಗೆ?

ಅಲ್ಲಿಯ ಭೈರವೇಶ್ವರನ ಗುಡಿಯ ಬಳಿ ಒಂದು ಬಂಡೆಯ ಮೇಲೆ ಮೂರು ಸಾಲುಗಳ ಚಿಕ್ಕ ಶಾಸನವಿದೆ. ಬನವಾಸಿಯ ಕದಂಬ ಕುಲಕ್ಕೆ ಮೂಲಪುರುಷನಾದ ಮಯೂರಶರ್ಮನದು; ನಾಲ್ಕನೆಯ ಶತಮಾನದ್ದು; ಪ್ರಾಕೃತದಲ್ಲಿ ಬರೆದುದು. ಅದನ್ನು ಬೆಳಕಿಗೆ ತಂದವರು ಕೃಷ್ಣ ಅವರೇ. ಕನ್ನಡ ನಾಡಿನ ಆ ಮೊದಲ ಅರಸು ಅಲ್ಲಿ ಹೇಳಿಕೊಂಡಿರುವ ಕೆಲಸ ಒಂದು ಕೆರೆಯದು. ಉಳಿದುದರ ಓದು ಮಾತ್ರ ವಿವಾದದ ವಿಷಯ. ಅವನು ಗೆದ್ದ ನಾಡುಗಳ ಪಟ್ಟಿ ಅಲ್ಲಿದೆಯೆಂದು ಕೃಷ್ಣ ಅವರು ಓದಿದರು. ಆ ಓದು ಸರಿಯಲ್ಲವೆಂದು ಆಮೇಲಿನ ವಿದ್ವಾಂಸರು ವಾದಿಸಿದರು. ವಿವಾದಕ್ಕೆ ಕಾರಣ ಅಕ್ಷರಗಳು ಸವೆದಿರುವುದೇ. ಒಂದು ಗೆರೆ ಉಳಿದಿದ್ದರೆ ಒಬ್ಬ ಅರಸನ ಚರಿತ್ರೆ ಒಂದು ತೆರ, ಅಳಿದಿದ್ದರೆ ಇನ್ನೊಂದು ತೆರ.

ಇದನ್ನು ಕಂಡಾಗಲೆಲ್ಲ ನನಗೆ ಒಂದು ಮೊಕದ್ದಮೆ ನೆನಪಾಗುತ್ತದೆ. ಒಬ್ಬ ಬಡ ರೈತ ತನ್ನ ಅಜ್ಜನ ಕಾಲದ ಕ್ರಯಪತ್ರವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟನು. ಜಮೀನು ಅವನದೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಚಕ್ಕುಬಂದಿಯ ಸಾಲು ಬರೆದಿದ್ದ ಅಂಚನ್ನು ಗೆದ್ದಲು ತಿಂದಿತ್ತು. ಮೂಲದ ನಕಲು ಎಲ್ಲಿಯೂ ದೊರೆಯಲಿಲ್ಲ. ಅವನು ಸೋತನು. ನ್ಯಾಯ ಅವನ ಕಡೆಗಿದ್ದರೂ ಅಕ್ಷರ ಅವನ ಕಡೆಗಿರಲಿಲ್ಲ.

ಮರುದಿನ ಉತ್ತರಕ್ಕೆ ತಿರುಗಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಗೆ ಹೋಗೋಣ. ದೇವನಾಂಪ್ರಿಯನೆಂಬ ಅರಸನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಆ ಸುತ್ತಿನಲ್ಲಿ ಮೂರು ಕಡೆ ಕಂಡರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮವನ್ನು ವಿಚಾರಿಸಿ ಅರಸನ ಆಜ್ಞೆಯನ್ನು ತಿಳಿಸುವ ಓಲೆ ಅದು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. ಉಪಾಧ್ಯಾಯ ಬಂಧುಗಳೇ, ತಮ್ಮ ಪರವಾಗಿ ಒಬ್ಬ ಚಕ್ರವರ್ತಿ ಇಪ್ಪತ್ತೆರಡು ಶತಮಾನಗಳಿಗೂ ಹಿಂದೆ ನಮ್ಮ ಜಿಲ್ಲೆಯ ಬಂಡೆಯ ಮೇಲೆ ಬರೆಯಿಸಿರುವ ಪತ್ರವಿದು. ತಮ್ಮ ಶಿಷ್ಯರಿಗೆ ಇದನ್ನು ತೋರಿಸದಿರುವಿರಾ? ಬರೆದ ಲಿಪಿಕಾರನ ಹೆಸರು ಚಪಡ. ಓಲೆಯನ್ನೆಲ್ಲ ಬ್ರಾಹ್ಮೀ ಲಿಪಿಯಲ್ಲಿ ಬರೆದು, ಲಿಪಿಕಾರನೆಂಬ ಮಾತನ್ನು ಮಾತ್ರ ಗಾಂಧಾರದ ಕಡೆಯ ಖರೋಷ್ಠಿಯಲ್ಲಿ ಬರೆದಿದ್ದಾನೆ.

ಈ ಕಲ್ಲುಗಳಲ್ಲಿ ಅರಸನ ಸ್ವಂತ ಹೆಸರಿಲ್ಲ. ಈ ದೇವನಾಂಪ್ರಿಯನು ಅಶೋಕನೇ ಎಂದು ವಿದ್ವಾಂಸರು ಬೇರೆ ಆಧಾರಗಳಿಂದ ಹೇಳುತ್ತಿದ್ದರು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನೆಂಬ ಹೆಸರನ್ನೇ ಹೊತ್ತ ಕಲ್ಲು ದೊರೆತು ಆ ಮಾತಿಗೆ ಪ್ರತ್ಯಕ್ಷ ರುಜುವಾತಾಯಿತು. ಆಗ ಬ್ರಹ್ಮಗಿರಿ ಮೈಸೂರು ಸಂಸ್ಥಾನದಲ್ಲಿತ್ತು, ಮಸ್ಕಿ ನಿಜಾಮನ ಹೈದರಾಬಾದಿನಲ್ಲಿತ್ತು, ನಡುವೆ ಬಳ್ಳಾರಿ ಮದರಾಸಿನ ಅಧೀನದಲ್ಲಿತ್ತು. ಕನ್ನಡಿಗರು ಹಂಚಿಹೋಗಿದ್ದರು, ಕಲ್ಲುಗಳು ಮಾತ್ರ ಒಂದಕ್ಕೊಂದು ಸಾಕ್ಷಿ ಹೇಳುತ್ತಿದ್ದವು. ಬಳ್ಳಾರಿ 1953ರಲ್ಲಿ ನಮ್ಮನ್ನು ಸೇರಿತು. 1956ರ ನವೆಂಬರ್ 1ರಂದು ಉಳಿದ ಸೀಮೆಗಳೂ ಕೂಡಿದವು. ಹಂಪೆಯ ಹಾಳನ್ನು ಕಣ್ಣಾರೆ ಕಂಡು ಮನ ಕರಗಿದ ಆಲೂರು ವೆಂಕಟರಾಯರು ಏಕೀಕರಣಕ್ಕೆ ಬಾಳನ್ನೇ ಮುಡಿಪಿಟ್ಟರೆಂಬುದನ್ನು ನೆನೆದರೆ, ಹಳೆಯ ಸ್ಥಳಗಳ ಸಂದರ್ಶನ ಬರಿಯ ವಿನೋದವಲ್ಲವೆಂದು ತಿಳಿಯುವುದು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಬ್ರಹ್ಮಗಿರಿಯ ಬಂಡೆಯನ್ನು ಹಳ್ಳಿಗರು ಅಕ್ಷರಗುಂಡು ಎಂದು ಕರೆದರು. ಬರೆದಿರುವುದೇನೆಂದು ಅವರಿಗೆ ತಿಳಿಯದು. ಆದರೂ ಅದು ಅಕ್ಷರವೆಂದು ತಿಳಿದು ಗೌರವದಿಂದ ಕಂಡರು. ಜಟಿಂಗ ರಾಮೇಶ್ವರದ ಬಂಡೆಯ ಹೆಸರು ಬಳೆಗಾರ ಗುಂಡು. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರಂತೆ. ಅಲ್ಲಿಯ ಅಕ್ಷರಗಳು ಮೂರರಲ್ಲಿ ಅತ್ಯಂತ ಜೀರ್ಣವಾಗಿವೆ. ಬಳೆಗಾರರನ್ನು ನಾನು ದೂರುವುದಿಲ್ಲ. ಅವರು ದ್ವೇಷದಿಂದ ಮಾಡಿದವರಲ್ಲ. ತಮ್ಮ ಕಾಲಡಿಯಲ್ಲಿ ಏನಿದೆಯೆಂದು ಅವರಿಗೆ ಹೇಳಿದವರಿರಲಿಲ್ಲ, ಅಷ್ಟೆ. ಅದೃಷ್ಟವಶಾತ್ ಆ ಓಲೆಗೆ ಮೂರು ಪ್ರತಿಗಳಿದ್ದವು. ಒಂದರಲ್ಲಿ ಅಳಿದುದನ್ನು ಇನ್ನೊಂದರಿಂದ ತುಂಬಿಕೊಳ್ಳಬಹುದಾಯಿತು. ಚಂದ್ರವಳ್ಳಿಯ ಮಯೂರಶರ್ಮನ ಶಾಸನಕ್ಕೆ ಇನ್ನೊಂದು ಪ್ರತಿಯಿಲ್ಲ.

ಓದುಬರಹ ಬಾರದ ಬಳೆಗಾರನಿಗೆ ಕ್ಷಮೆಯುಂಟು. ಓದಿದವರಿಗೆ? ನಾನು ಹನ್ನೆರಡು ವರುಷದವನಾಗಿದ್ದಾಗ ಕೋಟೆಯನ್ನು ನೋಡಹೋಗಿ, ಒಂದು ಮಂಟಪದ ಕಂಬದ ಮೇಲೆ ಮೊಳೆಯಿಂದ ನನ್ನ ಹೆಸರನ್ನು ಕೆತ್ತಿದೆನು. ಅಂದು ಅದು ಶೌರ್ಯವೆಂದು ತೋರಿತ್ತು. ಮೂವತ್ತು ವರುಷಗಳ ಮೇಲೆ ನನ್ನ ಮಗನನ್ನು ಕರೆದುಕೊಂಡು ಹೋದಾಗ ಅವನೇ ಅದನ್ನು ಕಂಡುಹಿಡಿದು, "ಅಪ್ಪ, ಇದು ನಿಮ್ಮ ಹೆಸರಲ್ಲವೆ?" ಎಂದು ಕೇಳಿದನು. ನ್ಯಾಯಾಲಯದಲ್ಲಿ ಎಷ್ಟೋ ಸಾಕ್ಷಿಗಳನ್ನು ಪಾಟೀಸವಾಲಿನಲ್ಲಿ ತಡವರಿಸುವಂತೆ ಮಾಡಿದವನು ನಾನು. ಅಂದು ನನಗೇ ಉತ್ತರ ತೋಚಲಿಲ್ಲ. ಆ ಕಂಬ ಇಂದಿಗೂ ನನ್ನ ವಿರುದ್ಧ ಸಾಕ್ಷಿಯಾಗಿ ನಿಂತಿದೆ.

ಸಂರಕ್ಷಿತ ಸ್ಮಾರಕವನ್ನು ಕೆಡಿಸುವವನಿಗೆ 1958ರ ಕಾಯಿದೆಯಲ್ಲಿ ಶಿಕ್ಷೆಯುಂಟು. 2010ರ ತಿದ್ದುಪಡಿಯ ಮೇಲೆ ಅದು ಎರಡು ವರುಷಗಳವರೆಗಿನ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡೂ ಆಗಬಹುದು. ಆದರೆ ಕಾಯಿದೆ ಬೆಟ್ಟದ ಪ್ರತಿಯೊಂದು ಗುಂಡಿನ ಪಕ್ಕದಲ್ಲಿಯೂ ಕಾವಲು ನಿಲ್ಲಲಾರದು. ನಿಧಿಯ ಆಸೆಯಿಂದ ರಾತ್ರಿಯಲ್ಲಿ ಗುಡಿಯ ನೆಲವನ್ನು ಅಗೆಯುವವನನ್ನು ತಡೆಯುವುದು ಆ ಊರಿನವರ ಎಚ್ಚರವೊಂದೇ. ಅವನು ಹುಡುಕುವ ಹೊನ್ನು ಅಲ್ಲಿರುವುದಿಲ್ಲ. ಅವನು ಒಡೆದು ಎಸೆದ ಕಲ್ಲೇ ಹೊನ್ನಾಗಿರುತ್ತದೆ.

ಮೂರನೆಯ ದಿನ ಹಿರಿಯೂರಿನ ದಾರಿಯಾಗಿ ಮರಳೋಣ. ತೇರು ಮಲ್ಲೇಶ್ವರನ ಗುಡಿಯಲ್ಲಿ ತಲೆಯೆತ್ತಿ ಮಾಡಿನ ವರ್ಣಚಿತ್ರಗಳನ್ನು ನೋಡಿ, ಮಾರಿಕಣಿವೆಗೆ ಬಂದರೆ ಎರಡು ಬೆಟ್ಟಗಳ ನಡುವೆ ವೇದಾವತಿಯನ್ನು ತಡೆದು ನಿಲ್ಲಿಸಿದ ವಾಣೀವಿಲಾಸ ಸಾಗರ. 1898ರಲ್ಲಿ ಕೆಲಸ ತೊಡಗಿ 1907ರಲ್ಲಿ ಮುಗಿಯಿತು. ಅದು ತುಂಬಿ ಕೋಡಿ ಹರಿದುದು 1933ರಲ್ಲಿ. ಆಮೇಲೆ ಎಂಬತ್ತೊಂಬತ್ತು ವರುಷಗಳು ಕಳೆದು 2022ರಲ್ಲಿ. ಮತ್ತೆ 2025ರ ಜನವರಿಯಲ್ಲಿ. ಕಟ್ಟಿದವರಲ್ಲಿ ಎಷ್ಟೋ ಮಂದಿ ಅದು ತುಂಬಿದುದನ್ನು ಕಾಣದೆಯೇ ಹೋಗಿರಬೇಕು. ಮಯೂರಶರ್ಮನ ಕೆರೆಯಿಂದ ಈ ಸಾಗರದವರೆಗೆ ನಮ್ಮ ಸೀಮೆಯ ಚರಿತ್ರೆಯೆಂದರೆ ನೀರನ್ನು ಹಿಡಿದಿಟ್ಟವರ ಚರಿತ್ರೆ. ಮುಂದಿನವರಿಗಾಗಿ ಹಿಡಿದಿಡುವುದೇ ಈ ನೆಲ ಕಲಿಸಿದ ಧರ್ಮ. ನೀರಿಗೆ ಸಲ್ಲುವ ಈ ಧರ್ಮ ಅಕ್ಷರಕ್ಕೂ ಸಲ್ಲಬೇಡವೆ?

ಆದುದರಿಂದ ತಮ್ಮಲ್ಲಿ ನನ್ನ ಬಿನ್ನಹ ಇಷ್ಟೆ. ಮಕ್ಕಳನ್ನು ಈ ಬೆಟ್ಟಗಳಿಗೆ ಕರೆದೊಯ್ಯಿರಿ. ಹೊರಡುವ ಮೊದಲು ಅಲ್ಲಿ ಏನಿದೆಯೆಂದು ತಿಳಿಸಿರಿ. ಅಲ್ಲಿ ಅವರ ಕೈಗೆ ಮೊಳೆ ಇದ್ದಿಲುಗಳ ಬದಲು ಕಾಗದ ಪೆನ್ಸಿಲುಗಳನ್ನು ಕೊಡಿರಿ. ಹೆಸರನ್ನು ಬರೆಯುವ ಆಸೆ ಅದರಲ್ಲಿ ತೀರಲಿ. ಊರಿಗೆ ಮರಳಿದ ಮೇಲೆ ನಿಮ್ಮ ನಿಮ್ಮ ಹಳ್ಳಿಯ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳು ಎಲ್ಲೆಲ್ಲಿವೆಯೆಂದು ಮಕ್ಕಳಿಂದಲೇ ಒಂದು ಪಟ್ಟಿಯನ್ನು ಬರೆಯಿಸಿ, ಛಾಯಾಚಿತ್ರಗಳೊಡನೆ ಶಾಲೆಯಲ್ಲಿ ಇಡಿರಿ. ಅದು ನಮ್ಮ ದಸ್ತಾವೇಜಿನ ನಕಲು. ಹಬ್ಬದ ದಿನ ಭಕ್ತಿಯಿಂದ ಶಾಸನಗಳಿಗೆ ಸುಣ್ಣ ಬಳಿಯುವವರಿಗೆ ಅಷ್ಟೇ ಭಕ್ತಿಯಿಂದ ಬೇಡವೆನ್ನಿರಿ.

ಈ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ. ನಾಳೆ ಬೆಳಿಗ್ಗೆ ಪಾಠ ತೊಡಗುವ ಮೊದಲು ಮಕ್ಕಳನ್ನು ಸಾಲಾಗಿ ಚನ್ನಕೇಶವನ ಗುಡಿಗೆ ಕರೆದುಕೊಂಡು ಹೋಗಿ, ಒಂದು ಕಂಬದ ಮುಂದೆ ನಿಲ್ಲಿಸಿ, ಕಂಡುದನ್ನು ಬರೆಯಿರೆಂದು ಹೇಳಿರಿ. ಆ ಮಕ್ಕಳಲ್ಲಿ ಒಬ್ಬನಾದರೂ ಬೆಳೆದು ತನ್ನ ಮಗನನ್ನು ಅಲ್ಲಿಗೆ ಕರೆತಂದಾಗ, ನನಗೆ ಬಂದ ಪ್ರಶ್ನೆ ಅವನಿಗೆ ಬಾರದಿರಲಿ ಎಂದು ಹಾರೈಸುತ್ತೇನೆ.